ಟೀವಿಯೊಳಗಿನ ಹಿತ್ತಲು

ಒಬ್ಬ ಮನುಷ್ಯ ನೆಲ ಅಗೆಯುವುದನ್ನು ನಾವಿಬ್ಬರು, ಎಪ್ಪತ್ತು ದಾಟಿದ ಗಂಡಹೆಂಡಿರು, ಕಾಫಿ ಲೋಟ ಹಿಡಿದು ಕುಳಿತು ನೋಡುತ್ತೇವೆ. ಅವನ ಮುಖ ನಮಗೆ ಗೊತ್ತಿಲ್ಲ. ಮೊಣಕೈಯಿಂದ ಕೆಳಗೆ ಎರಡು ಕೈಗಳು, ಕೆಸರು ಮೆತ್ತಿದ ಬೂಟು, ಹಿಡಿ ಸವೆದ ಒಂದು ಸಲಿಕೆ, ಇಷ್ಟೇ ಅವನ ಪರಿಚಯ. ಅವನು ಮಾತನಾಡುವುದಿಲ್ಲ, ಹಿನ್ನೆಲೆಗೆ ಸಂಗೀತ ಹಾಕುವುದಿಲ್ಲ, ಗೊಬ್ಬರ ಕೊಳ್ಳಿರೆಂದು ಒತ್ತಾಯಿಸುವುದಿಲ್ಲ. ಸಲಿಕೆ ಮಣ್ಣಿಗಿಳಿಯುವ ಸದ್ದು, ಹೆಂಟೆ ಒಡೆಯುವ ಸದ್ದು, ಕಳೆಯ ಬೇರು ಬಿಟ್ಟುಬರುವ ಸದ್ದು, ಕೊನೆಗೆ ಝಾರಿಯಿಂದ ನೀರು ಬೀಳುವ ಸದ್ದು. ಇಷ್ಟಾದ ಮೇಲೆ ಅವನು ಬೂಟು ಕಳಚಿ ಹೊರಟುಹೋಗುತ್ತಾನೆ. ನಾವು ಲೋಟ ತೊಳೆದಿಟ್ಟು ಅಡಿಗೆಗೆ ಏಳುತ್ತೇವೆ.

ನಗಬೇಡಿ. ನಿಮ್ಮ ಬೀದಿಯಲ್ಲಿ ನೀರಿನ ಕೊಳವೆಗಾಗಿ ಗುಂಡಿ ತೋಡುವಾಗ ನೀವೂ ನಿಂತು ನೋಡಿದವರೇ. ನಾನು ಬೆಳೆದ ಮೈಸೂರಿನ ಬೀದಿಯಲ್ಲಿ ಅಗೆತವೆಂದರೆ ಒಂದು ಸಭೆ. ಕಚೇರಿಗೆ ಹೊರಟವರು ಸೈಕಲ್ಲಿನ ಒಂದು ಕಾಲನ್ನು ನೆಲಕ್ಕೂರಿ ನಿಲ್ಲುತ್ತಿದ್ದರು. ಹಾಲಿನವನು ಕ್ಯಾನು ಇಳಿಸುತ್ತಿದ್ದ. ಪೂಜೆ ಮುಗಿಸಿದ ಯಜಮಾನರೊಬ್ಬರು ಬಾಗಿಲಲ್ಲಿ ನಿಂತು, ಒಮ್ಮೆಯೂ ಹಾರೆ ಮುಟ್ಟದವರು, ಎಲ್ಲಿ ಅಗೆದರೆ ಕಲ್ಲು ಸಿಗುವುದಿಲ್ಲವೆಂದು ಸೂಚನೆ ಕೊಡುತ್ತಿದ್ದರು. ಆದುದರಿಂದ ಬೇರೆಯವರು ಮಣ್ಣು ಅಗೆಯುವುದನ್ನು ನೋಡಿದರೆ ಮನಸ್ಸಿಗೆ ಹಿತವೆನ್ನುವುದನ್ನು ಇಂಟರ್ನೆಟ್ಟಿನವರು ಈಗ ಕಂಡುಹಿಡಿದರೆಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಕಾಲದಲ್ಲಿ ಅದಕ್ಕೆ ಟೀವಿ ಬೇಕಿರಲಿಲ್ಲ, ಅಷ್ಟೆ.

ಒಪ್ಪದಿರುವುದು ನನ್ನ ಹಳೆಯ ಅಭ್ಯಾಸ. ಅದು ಬಂದ ಬಗೆಯನ್ನು ಹೇಳಿಬಿಡುತ್ತೇನೆ. ನಾನು ಚಿಕ್ಕವನಿದ್ದಾಗ ನಮ್ಮೂರಿಗೆ ಒಂದು ನಾಟಕ ಕಂಪನಿ ಬಂದಿತ್ತು. ಅದರ ಗುಡುಗು ಊರಿಗೇ ಪ್ರಸಿದ್ಧವಾಗಿತ್ತು. ಅದನ್ನು ಕೇಳಿದರೆ ಗರ್ಭಿಣಿಯರಿಗೆ ಆಗದು ಎಂದು ಜನ ಹೇಳುತ್ತಿದ್ದರು. ಒಂದು ಸಂಜೆ ನಾನು ಡೇರೆಯ ಹಿಂಭಾಗದಲ್ಲಿ ನುಸುಳಿ ನೋಡಿದೆ. ಒಬ್ಬ ಮುದುಕ ಬೀಡಿ ಸೇದುತ್ತಾ, ಹಗ್ಗದಲ್ಲಿ ಇಳಿಬಿಟ್ಟ ತಗಡಿನ ಹಾಳೆಯನ್ನು ಎಡಗೈಯಲ್ಲಿ ಅಲ್ಲಾಡಿಸುತ್ತಿದ್ದ. ಪಕ್ಕದಲ್ಲಿ ಇನ್ನೊಬ್ಬ ಮೊರದಲ್ಲಿ ರಾಗಿ ಹೊರಳಿಸಿ ಮಳೆ ಸುರಿಸುತ್ತಿದ್ದ. ಆ ದಿನದಿಂದ ಯಾವ ಗುಡುಗಿನ ಹಿಂದೆಯೂ ನನಗೆ ಒಂದು ತಗಡು ಕಾಣತೊಡಗಿತು. ಶಾಲೆ ಬೇಗ ಬಿಟ್ಟೆ. ರೇಡಿಯೊ ರಿಪೇರಿ ಕಲಿತು ಅಂಗಡಿಯಿಟ್ಟೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಬಾಡಿಗೆ ಪುಸ್ತಕಗಳನ್ನು ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ‘ಆಧಾರವೇನು?’ ಎಂದು ಬರೆದು ಹಿಂದಿರುಗಿಸುತ್ತಿದ್ದೆ. ಲೈಬ್ರರಿಯವರು ಅದನ್ನು ಅಳಿಸಿ ಅಳಿಸಿ ಬೇಸತ್ತು, ನನಗೊಂದು ರಬ್ಬರನ್ನು ಉಡುಗೊರೆ ಕೊಟ್ಟಿದ್ದರು.

ಈಗ ನಾವಿರುವುದು ಐರ್ಲೆಂಡಿನ ದಕ್ಷಿಣದಲ್ಲಿ, ಕಾರ್ಕ್ ನಗರದ ಹೊರಗಿನ ಕ್ಯಾರಿಗಲೈನಿನಲ್ಲಿ, ಮಗಳು ಸ್ಮಿತಾಳ ಮನೆಯಲ್ಲಿ. ಅವಳಿಗೆ ರಿಂಗಾಸ್ಕಿಡಿಯ ಔಷಧ ಕಾರ್ಖಾನೆಯಲ್ಲಿ ಕೆಲಸ. ಇಲ್ಲಿಗೆ ಬಂದ ಮೇಲೂ ನನ್ನ ಚಟ ಹೋಗಲಿಲ್ಲ. ಈ ದೇಶದಲ್ಲಿ ಹಾವುಗಳಿಲ್ಲ, ಹಿಂದೆ ಒಬ್ಬ ಸಂತರು ಅವನ್ನೆಲ್ಲ ಸಮುದ್ರಕ್ಕೆ ಅಟ್ಟಿದರೆಂದು ಪಕ್ಕದ ಮನೆಯ ನೋರಾ ಹೇಳಿದಾಗ, ಹಾವುಗಳು ಇಲ್ಲಿಗೆ ಎಂದೂ ಬಂದೇ ಇರಲಿಕ್ಕಿಲ್ಲ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ವಾದಿಸಿದೆ. ಆಕೆ ತನ್ನ ಬೇಲಿಯ ಆಚೆಯಿಂದ ಆಕಾಶದತ್ತ ನೋಡಿ, ಈ ಹವೆಗೆ ಯಾವ ಹಾವು ತಾನೇ ಬಂದೀತು, ನೀವು ಹೇಳುವುದೇ ಸರಿ ಎಂದಳು. ಇಷ್ಟು ಸುಲಭವಾಗಿ ಸೋಲೊಪ್ಪುವ ಜನರೊಡನೆ ವಾದಿಸುವುದು ಕಷ್ಟ.

ನನ್ನ ಹೆಂಡತಿ ಪಂಕಜಳೂ ಕೆಲವು ವರ್ಷಗಳಿಂದ ಹಾಗೆಯೇ ಆಗಿದ್ದಳು. ನಾನು ಏನು ಹೇಳಿದರೂ ತಲೆಯಾಡಿಸುತ್ತಿದ್ದಳು. ಮದುವೆಯಾದ ಹೊಸತರಲ್ಲಿ, ಹುಣಿಸೆಹಣ್ಣಿನ ಗುಣದೋಷಗಳ ಬಗ್ಗೆ ಒಂದು ಮಧ್ಯಾಹ್ನವಿಡೀ ನನ್ನೊಡನೆ ತರ್ಕ ಮಾಡಿದ ಹೆಂಗಸು ಅವಳು. ಅಂಥವಳು ನನ್ನ ಮಾತಿಗೆ ಎದುರಾಡುವುದನ್ನೇ ಬಿಟ್ಟಳೆಂದರೆ, ಅದನ್ನು ನಾನು ನನ್ನ ವಿಚಾರಶಕ್ತಿಯ ತಡವಾದ ವಿಜಯವೆಂದು ಭಾವಿಸಿ ಒಳಗೊಳಗೇ ಹಿಗ್ಗಿದ್ದೆ. ಆಮೇಲೆ ಸ್ಮಿತಾ ಅವಳನ್ನು ಕಿವಿ ಪರೀಕ್ಷೆಗೆ ಕರೆದೊಯ್ದಳು. ಹೇಳಿದ್ದರಲ್ಲಿ ಅರ್ಧವೂ ಅವಳಿಗೆ ಕೇಳಿಸುತ್ತಿರಲಿಲ್ಲ. ಮತ್ತೆ ಮತ್ತೆ ‘ಏನು?’ ಎಂದು ಕೇಳಿ ಎಲ್ಲರನ್ನೂ ದಣಿಸುವುದಕ್ಕಿಂತ ತಲೆಯಾಡಿಸುವುದು ಮೇಲೆಂದು ಅವಳಿಗೆ ತೋರಿತ್ತು. ನನ್ನ ವಿಜಯ ಅಲ್ಲಿಗೆ ಮುಗಿಯಿತು.

ಹಲಸಿನ ಬೀಜದಷ್ಟು ಚಿಕ್ಕವಾದ ಎರಡು ಯಂತ್ರಗಳನ್ನು ಕಿವಿಗಳ ಹಿಂದೆ ಸಿಕ್ಕಿಸಿ ಕಳಿಸಿದರು. ಕೆಲವು ವಾರ ಹಾಕಿ ನೋಡಬಹುದು, ಒಗ್ಗದಿದ್ದರೆ ಮುಂದಿನ ಭೇಟಿಯಲ್ಲಿ ಹಿಂದಿರುಗಿಸಬಹುದು ಎಂಬ ಏರ್ಪಾಡು. ಮೊದಲ ದಿನವೇ ಪಂಕಜ ಕಂಗೆಟ್ಟಳು. ಪಾತ್ರೆ ಅಂಗಡಿಯೊಳಗೆ ಕೂರಿಸಿದಂತಿದೆ ಎಂದಳು. ನಲ್ಲಿ ಬಿಟ್ಟರೆ ಬೆಂಕಿ ಹೊತ್ತಿದಂತೆ, ಪೇಪರು ಮಡಿಸಿದರೆ ಯಾರೋ ಹಪ್ಪಳ ಮುರಿದಂತೆ, ಮಗಳು ಮಾತನಾಡಿದರೆ ತಗಡಿನ ಕೊಡದೊಳಗಿಂದ ಯಾರೋ ಕರೆದಂತೆ ಅವಳಿಗೆ ಕೇಳಿಸುತ್ತಿತ್ತು. ಸಂಜೆಯ ಹೊತ್ತಿಗೆ ಅವನ್ನು ಕಳಚಿ ಡಬ್ಬಿಯಲ್ಲಿಟ್ಟು, ಮತ್ತೆ ತನ್ನ ಮೌನದೊಳಗೆ ಹೋಗಿ ಕುಳಿತಳು. ‘ಹಿಂದಕ್ಕೆ ಕೊಟ್ಟುಬಿಡೋಣ. ಇನ್ನೆಷ್ಟು ಕಾಲ ಕೇಳಿಸ್ಕೊಬೇಕಾಗಿದೆ ನಾನು’ ಎಂದಳು. ಡಬ್ಬಿಯ ಮುಚ್ಚಳ ಮುಚ್ಚಿಕೊಂಡರೆ ಈ ಮನೆಯಲ್ಲಿ ಅವಳು ಇನ್ನುಳಿದ ಕಾಲವೆಲ್ಲ ತಲೆಯಾಡಿಸುತ್ತಾ ಇರುತ್ತಾಳೆಂಬುದು ನನಗೂ ಸ್ಮಿತಾಳಿಗೂ ಗೊತ್ತಿತ್ತು.

ಕಿವಿಯ ತಜ್ಞೆ ಒಂದು ಉಪಾಯ ಹೇಳಿದ್ದಳು. ಮರೆತ ಸದ್ದುಗಳನ್ನು ಕಿವಿ ಮತ್ತೆ ಕಲಿಯಬೇಕು. ಸದ್ದು ಎಲ್ಲಿಂದ ಹುಟ್ಟುತ್ತದೆಂದು ಕಣ್ಣಿಗೆ ಕಾಣುತ್ತಿದ್ದರೆ ಕಲಿಯುವುದು ಸುಲಭ. ಒಂದು ಸಲಕ್ಕೆ ಒಂದೇ ಸದ್ದು, ಅವಸರವಿಲ್ಲದ ಸದ್ದು. ಸ್ಮಿತಾ ಹುಡುಕಿ ಹುಡುಕಿ ಈ ತೋಟದ ವಿಡಿಯೊಗಳನ್ನು ಟೀವಿಗೆ ಹಾಕಿಕೊಟ್ಟಳು. ಬರಿಯ ಸದ್ದು ಕೇಳುವುದಕ್ಕಾಗಿಯೇ ಲಕ್ಷಾಂತರ ಜನ ಇವನ್ನು ನೋಡುತ್ತಾರಂತೆ. ಮಿದುಳು ತಣ್ಣಗಾಗುತ್ತದೆಂದು ಸಂಶೋಧನೆಯೂ ಆಗಿದೆಯಂತೆ.

‘ಯಾರ ಮಿದುಳನ್ನು ತೆಗೆದು ಮುಟ್ಟಿ ನೋಡಿದ್ರಂತೆ?’ ಎಂದು ನಾನು ಕೇಳಿದೆ.

‘ಅಪ್ಪ, ನೀವು ಸುಮ್ನೆ ನೋಡಿ’ ಎಂದಳು ಸ್ಮಿತಾ.

ಪಂಕಜ ಮಾತ್ರ ಮೊದಲ ಸಂಜೆಯೇ ಮುಂದಕ್ಕೆ ಬಾಗಿ ಕುಳಿತಳು. ಆ ಕೈಗಳು ಒಣಗಿದ ಹೂವಿನ ತೊಟ್ಟನ್ನು ಚಿವುಟಿದವು. ಅವಳ ಹೆಬ್ಬೆರಳು ತೋರುಬೆರಳುಗಳೂ ಮಡಿಲಲ್ಲಿ ಚಿವುಟಿದವು. ಕುಂಡದ ತಳವನ್ನು ತಟ್ಟಿ ಸಸಿಯನ್ನು ಬಿಡಿಸುವಾಗ, ‘ಟೊಳ್ಳು ಸದ್ದು. ಬೇರು ತುಂಬಿಕೊಂಡಿಲ್ಲ ಇನ್ನೂ’ ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಂಡಳು. ಅಂದು ಅವಳು ಯಂತ್ರವನ್ನು ಕಳಚಿದ್ದು ಮಲಗುವಾಗ.

ಮಿದುಳಿನ ವಿಚಾರ ನನಗೆ ತಿಳಿಯದು. ಈ ಸದ್ದು ಏಕೆ ಹಿತವೆಂಬುದಕ್ಕೆ ನನ್ನಲ್ಲಿರುವ ಆಧಾರ ಒಂದೇ. ಬಾಲ್ಯದಲ್ಲಿ ಜ್ವರ ಬಂದರೆ ನಡುಮನೆಯ ಕತ್ತಲಲ್ಲಿ ಮಲಗಿಸುತ್ತಿದ್ದರು. ಕಣ್ಣು ಬಿಟ್ಟರೆ ಸೂರಿನ ಜಂತಿಗಳು ತೇಲುತ್ತಿದ್ದವು. ಆಗ ಹಿತ್ತಲಿನಲ್ಲಿ ಅಮ್ಮ ಬಸಳೆಯ ಚಪ್ಪರಕ್ಕೆ ನೀರು ಹಾಕುವುದು ಕೇಳುತ್ತಿತ್ತು: ಬಿಂದಿಗೆ ಕಲ್ಲಿಗೆ ತಾಗುವುದು, ಚೊಂಬು ಮುಳುಗುವುದು, ನೀರು ಎಲೆಯ ಮೇಲೆ ಬಿದ್ದು ಮಣ್ಣಿಗೆ ಜಾರುವುದು. ಅವಳು ನನ್ನನ್ನು ಕರೆಯುತ್ತಿರಲಿಲ್ಲ, ನನಗೂ ಅವಳನ್ನು ಕೂಗಬೇಕೆನಿಸುತ್ತಿರಲಿಲ್ಲ. ಅವಳು ಇದ್ದಾಳೆಂಬುದಕ್ಕೆ ಆ ಸದ್ದು ಸಾಕಾಗಿತ್ತು. ಲಕ್ಷಾಂತರ ಜನ ಯಾರೋ ಅಪರಿಚಿತನ ಝಾರಿಯ ನೀರಿಗೆ ಕಿವಿಗೊಟ್ಟು ನಿದ್ದೆ ಹೋಗುತ್ತಾರೆಂದರೆ, ಅವರಿಗೂ ಎಲ್ಲೋ ಒಂದು ನಡುಮನೆ ಇದ್ದಿರಬೇಕು. ಇದು ಸಂಶೋಧನೆಯಲ್ಲ, ನಂಬಬೇಕೆಂದು ನಾನು ಒತ್ತಾಯಿಸುವುದೂ ಇಲ್ಲ.

ಹೀಗೆ ಮನಸ್ಸು ಮೆತ್ತಗಾಗುತ್ತಿದ್ದಾಗಲೇ ನನಗೆ ಸಲಿಕೆಯ ಮೇಲೆ ಅನುಮಾನ ಬಂತು. ಆ ಮನುಷ್ಯ ಸಲಿಕೆಯನ್ನು ಬೂಟಿನಿಂದ ಒತ್ತಿದರೆ ಅದು ಬೆಣ್ಣೆಗೆ ಚಾಕು ಇಳಿದಂತೆ ಸರ್ರನೆ ಇಳಿಯುತ್ತಿತ್ತು. ಮೇಲೆತ್ತಿದರೆ ಹಸು ಹುಲ್ಲು ಕಚ್ಚಿ ಎಳೆದಂತೆ ಒಂದು ಒದ್ದೆ ಸದ್ದು. ಮಣ್ಣು ಅಗೆದರೆ ಎಲ್ಲಾದರೂ ಹೀಗೆ ಕೇಳುವುದುಂಟೆ? ನಾನು ಕಂಡ ಮಣ್ಣು ಕೆಂಪು ಜಲ್ಲಿಮಣ್ಣು. ಗುದ್ದಲಿ ಬಿದ್ದರೆ ಠಣ್ಣೆನ್ನಬೇಕು, ಕಲ್ಲಿಗೆ ತಾಗಿ ಕೈ ಜುಮ್ಮೆನ್ನಬೇಕು, ಅಗೆಯುವವನ ಬಾಯಲ್ಲಿ ಹುಂ ಎಂಬ ಉಸಿರು ಹೊರಡಬೇಕು. ಇದು ಯಾರೋ ಕೋಣೆಯಲ್ಲಿ ಕುಳಿತು ಒದ್ದೆ ಬಟ್ಟೆ ಎಳೆದು ಮಾಡಿದ ಸದ್ದೆಂದು ನನಗೆ ಖಚಿತವಾಯಿತು. ಸುಳ್ಳಾದರೆ ನನಗೇನು ಎನ್ನುವಂತಿರಲಿಲ್ಲ. ಪಂಕಜಳ ಕಿವಿ ಹಸುಗೂಸಿನಂತೆ ಸದ್ದುಗಳನ್ನು ಮೊದಲಿನಿಂದ ಕಲಿಯುತ್ತಿತ್ತು. ಕಲಿಯುವ ಮಗುವಿಗೆ ತಗಡನ್ನು ತೋರಿಸಿ ಗುಡುಗೆನ್ನಬಹುದೆ?

ಪರೀಕ್ಷೆಯೊಂದೇ ದಾರಿ. ಮನೆಯ ಹಿಂದೆ ನಾಲ್ಕು ಮಂಚದಷ್ಟು ಜಾಗವಿದೆ. ಅಲ್ಲಿ ಪಂಕಜ ಮೆಂತ್ಯ, ಕೊತ್ತಂಬರಿ ಹಾಕಿದ್ದಾಳೆ, ಉಳಿದದ್ದು ಹುಲ್ಲು. ಮೇ ತಿಂಗಳ ಒಂದು ಸಂಜೆ ಕಾಫಿಯಾದ ಮೇಲೆ ಸ್ಮಿತಾಳ ಸಲಿಕೆ ತೆಗೆದುಕೊಂಡು ಹೊರಟೆ. ಹಿಂದಿನಿಂದ ಪಂಕಜಳ ದನಿ ಬಂತು.

‘ದೀಪ ಹಚ್ಚಾಯ್ತು. ಈಗ್ಯಾಕೆ ಸಲಿಕೆ ಹಿಡಿದ್ರಿ?’

ಇದನ್ನು ಸ್ವಲ್ಪ ವಿವರಿಸಬೇಕು. ದೀಪ ಹಚ್ಚಿದ ಮೇಲೆ ಗಿಡ ಮುಟ್ಟಬಾರದು, ಅವು ಮಲಗಿರುತ್ತವೆ ಎಂಬ ಮಾತನ್ನು ನೀವೂ ನಿಮ್ಮ ಅಜ್ಜಿಯಿಂದ ಕೇಳಿರುತ್ತೀರಿ. ಮೈಸೂರಿನಲ್ಲಿ ದೀಪಕ್ಕೂ ಕತ್ತಲೆಗೂ ಹೊಂದಾಣಿಕೆಯಿತ್ತು. ಇಲ್ಲಿ ಬೇಸಿಗೆಯಲ್ಲಿ ಸೂರ್ಯ ಊಟವಾದರೂ ಮುಳುಗುವುದಿಲ್ಲ. ಪಂಕಜ ಮಾತ್ರ ಊರಿನಲ್ಲಿ ಹಚ್ಚುತ್ತಿದ್ದ ಹೊತ್ತಿಗೇ, ಗಡಿಯಾರ ನೋಡಿ, ಹೊಳೆವ ಬಿಸಿಲಿನಲ್ಲಿ ದೀಪ ಹಚ್ಚುತ್ತಾಳೆ. ಆಮೇಲೆ ಈ ದೇಶದ ಗಿಡಗಳೆಲ್ಲ ಬಿಸಿಲು ಕಾಯುತ್ತಲೇ ನಿದ್ದೆ ಹೋದವೆಂದು ಲೆಕ್ಕ.

‘ಸೂರ್ಯ ಇನ್ನೂ ನೋರಾ ಮನೆ ಚಿಮಣಿ ಮೇಲಿದ್ದಾನೆ’ ಎಂದೆ, ಬಾಗಿಲ ಚಿಲಕ ತೆಗೆಯುತ್ತಾ.

‘ದೀಪ ಹಚ್ಚಿದ್ದು ನಾನು, ಸೂರ್ಯ ಅಲ್ಲ.’

‘ಗಿಡಕ್ಕೇನು ಗಡಿಯಾರ ನೋಡಕ್ಕೆ ಬರುತ್ತಾ?’

‘ಗಿಡಕ್ಕೆ ಬರಲ್ಲ. ಮನೆ ಯಜಮಾನ್ರಿಗೆ ಬರಬೇಕು.’

ಡಿಸೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲಾಗುತ್ತದೆ, ಆಗ ನಾಲ್ಕೂವರೆಗೇ ದೀಪ ಹಚ್ಚುತ್ತೀಯೇನೆಂದು ಕೇಳಿದೆ. ಆಗ ನೀವು ಕಂಬಳಿಯಿಂದ ಮೂಗು ಸಹ ಹೊರಗೆ ಹಾಕುವುದಿಲ್ಲ, ಗಿಡದ ಗೊಡವೆ ನಿಮಗೇಕೆ ಎಂದಳು. ಹಾಗಾದರೆ ಟೀವಿಯಲ್ಲಿ ಆ ಮನುಷ್ಯ ದೀಪ ಹಚ್ಚಿದ ಮೇಲೂ ಅಗೆಯುತ್ತಾನಲ್ಲ, ಅದನ್ನು ಹೇಗೆ ನೋಡುತ್ತೀ ಎಂದು ಕೊನೆಯ ಬಾಣ ಬಿಟ್ಟೆ.

‘ಅವನ ಮನೇಲಿ ಹಚ್ಚಿಲ್ಲ’ ಎಂದಳು ಪಂಕಜ.

ಬಾಗಿಲು ತಳ್ಳಲು ಕೈಯೆತ್ತಿದಾಗಲೇ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ನಾನು ಅವಳಿಗೆ ಬೆನ್ನು ಮಾಡಿ ನಿಂತಿದ್ದೆ. ಕೂಗಿರಲಿಲ್ಲ, ಮಾಮೂಲಿ ದನಿಯಲ್ಲಿ ಗೊಣಗಿದ್ದೆ. ಅವಳು ಒಂದೊಂದು ಮಾತನ್ನೂ ಹಿಡಿದು ಹಿಂದಕ್ಕೆಸೆದಿದ್ದಳು. ಕೆಲಸದಿಂದ ಆಗ ತಾನೇ ಬಂದಿದ್ದ ಸ್ಮಿತಾ, ಬ್ಯಾಗನ್ನೂ ಇಳಿಸದೆ, ಒಳಬಾಗಿಲಲ್ಲಿ ನಿಂತಿದ್ದಳು. ‘ನೀವಿಬ್ರೂ ಜಗಳ ಆಡಿ ಎಷ್ಟು ವರ್ಷ ಆಯ್ತಪ್ಪ’ ಎಂದು ಮೆಲ್ಲಗೆ ಹೇಳಿ, ಮುಖ ತೊಳೆಯುವ ನೆಪದಲ್ಲಿ ಮೇಲಕ್ಕೆ ಹೋದಳು. ನಾನು ಸಲಿಕೆಯನ್ನು ಗೋಡೆಗೊರಗಿಸಿದೆ. ಗಿಡಗಳು ಮಲಗಿದ್ದವೆಂದು ಒಪ್ಪಿದೆನೆಂದಲ್ಲ. ಅಂಥ ವಾದದಲ್ಲಿ ಸೋತವನಿಗೆ ಅಗೆಯುವ ಮನಸ್ಸು ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಶಾಸ್ತ್ರಕ್ಕೆ ವಿರೋಧವಿಲ್ಲದ ಹೊತ್ತಿನಲ್ಲಿ ಪರೀಕ್ಷೆ ನಡೆಯಿತು. ಹುಲ್ಲಿನ ಅಂಚಿಗೆ ಸಲಿಕೆಯಿಟ್ಟು ಕಾಲಿನಿಂದ ಒತ್ತಿದೆ. ಸರ್ರನೆ ಇಳಿಯಿತು. ಮೇಲೆತ್ತಿದೆ. ಹಸು ಹುಲ್ಲು ಕಚ್ಚಿ ಎಳೆದಂತೆ ಅದೇ ಒದ್ದೆ ಸದ್ದು. ವರ್ಷವಿಡೀ ಮಳೆ ಕುಡಿದ ಈ ಕಪ್ಪುಮಣ್ಣಿಗೆ ಠಣ್ಣೆನ್ನುವುದು ಗೊತ್ತೇ ಇಲ್ಲ. ಟೀವಿಯ ಮನುಷ್ಯ ಪ್ರಾಮಾಣಿಕ. ನಾನು ಮೈಸೂರಿನ ಗುದ್ದಲಿಯಿಂದ ಐರ್ಲೆಂಡಿನ ಮಣ್ಣನ್ನು ಅಳೆದಿದ್ದೆ. ಅಡಿಗೆಮನೆಯ ಕಿಟಕಿಯಲ್ಲಿ ನಿಂತಿದ್ದ ಪಂಕಜ ಫಲಿತಾಂಶವೇನೆಂದು ಹುಬ್ಬಿನಲ್ಲೇ ಕೇಳಿದಳು. ಇನ್ನೂ ಪರೀಕ್ಷೆ ಮುಗಿದಿಲ್ಲವೆಂದು ಹೇಳಿ, ಅಗೆಯುವುದನ್ನು ಮುಂದುವರಿಸಿದೆ.

ಸೋತ ಸಂಶಯಾತ್ಮನಿಗೆ ಛಲ ಹೆಚ್ಚು. ಕೆಲವು ದಿನ ಕಾದೆ. ಕಿವಿಯ ತಜ್ಞೆಯ ಭೇಟಿಗೆ ಒಂದೇ ದಿನ ಉಳಿದಿತ್ತು. ಯಂತ್ರವನ್ನು ಇಟ್ಟುಕೊಳ್ಳುವುದೋ ಬಿಡುವುದೋ, ಪಂಕಜ ಬಾಯಿ ಬಿಟ್ಟಿರಲಿಲ್ಲ. ನೆಂಟರ ಫೋನು ಬಂದಾಗ ಈಗಲೂ ತಗಡಿನ ಕೊಡದ ದೂರು ಇದ್ದೇ ಇತ್ತು. ಆ ಸಂಜೆ ಮೂವರೂ ಟೀವಿಯ ಮುಂದೆ ಕುಳಿತಿದ್ದೆವು. ಆ ಮನುಷ್ಯ ಸಲಿಕೆಯನ್ನು ನೆಲಕ್ಕೆ ನೆಟ್ಟು ಎಲ್ಲಿಗೋ ಹೋದ. ಅದರ ಹಿಡಿಯ ಮೇಲೆ ಕಿತ್ತಳೆ ಬಣ್ಣದ ಎದೆಯ ಒಂದು ಪುಟ್ಟ ಹಕ್ಕಿ ಬಂದು ಕುಳಿತಿತು. ಇಲ್ಲಿ ಅದನ್ನು ರಾಬಿನ್ ಎನ್ನುತ್ತಾರೆ. ತೋಟದಲ್ಲಿ ಯಾರು ಮಣ್ಣು ಕೆದಕಿದರೂ ಹುಳುವಿನ ಆಸೆಗೆ ಮೇಸ್ತ್ರಿಯಂತೆ ಬಂದು ನಿಲ್ಲುತ್ತದೆ. ಹಕ್ಕಿ ಕೊಕ್ಕು ತೆರೆಯಿತು, ಮುಚ್ಚಿತು, ತೆರೆಯಿತು. ಗಂಟಲು ಅದುರುತ್ತಿತ್ತು. ಸದ್ದಿಲ್ಲ.

‘ಸಿಕ್ಕಿಬಿದ್ದ’ ಎಂದೆ. ‘ನೋಡು ಪಂಕಜ, ಹಕ್ಕಿ ಬಾಯಿ ಬಿಡ್ತಾ ಇದೆ, ಶಬ್ದವೇ ಇಲ್ಲ. ಹಾಕೋದು ಮರೆತಿದ್ದಾರೆ.’

ಸ್ಮಿತಾ ನನ್ನ ಕಡೆ ತಿರುಗಿ, ‘ಅಪ್ಪ, ಅದು...’ ಎಂದು ಶುರುಮಾಡಿದಳು. ಪಂಕಜ ಅವಳ ಮಂಡಿಯ ಮೇಲೆ ಕೈಯಿಟ್ಟಳು.

‘ಮರೆತಿರಬಹುದು’ ಎಂದಳು ಪಂಕಜ.

ಗೆದ್ದ ಸಂತೋಷ ನನಗೆ ನಿಲ್ಲಲಿಲ್ಲ. ದೀಪದ ವಿಷಯಕ್ಕೆ ಸೂರ್ಯನನ್ನೇ ಬಿಟ್ಟುಕೊಡದವಳು ಹಕ್ಕಿಯನ್ನು ಇಷ್ಟು ಬೇಗ ಏಕೆ ಬಿಟ್ಟುಕೊಟ್ಟಳು? ಮತ್ತೆ ಕೇಳಿಸದೆ ತಲೆಯಾಡಿಸಿದಳೇ? ಹಾಗಾದರೆ ನಾಳೆ ಯಂತ್ರ ಹಿಂದಕ್ಕೆ ಹೋಯಿತೆಂದೇ ಅರ್ಥ. ಆ ಯೋಚನೆಯಲ್ಲೇ ಮಲಗಿದೆ.

ಬೆಳಿಗ್ಗೆ ಕಾಫಿಯಾದೊಡನೆ ಅವಳೇ ನನ್ನನ್ನು ಹಿತ್ತಲಿಗೆ ಕರೆದಳು. ನಾನು ಅಗೆದಿಟ್ಟ ಮಣ್ಣಿನ ಪಕ್ಕದಲ್ಲಿ ಮರದ ಬೆಂಚಿದೆ. ಅಲ್ಲಿ ಕೂರಿಸಿ, ಮಾತನಾಡಬೇಡಿರೆಂದು ಸನ್ನೆ ಮಾಡಿದಳು. ರಿಂಗಾಸ್ಕಿಡಿಯ ಬಂದರಿನ ಕಡೆಗೆ ಹೋಗುವ ಲಾರಿಯೊಂದು ಗುಡುಗುಡಿಸಿತು. ನೋರಾಳ ಅಡಿಗೆಮನೆಯಲ್ಲಿ ರೇಡಿಯೊ ವಾರ್ತೆ ಓದುತ್ತಿತ್ತು. ಅಷ್ಟರಲ್ಲಿ ಬೇಲಿಯ ಮೇಲೆ ರಾಬಿನ್ ಬಂದು ಕುಳಿತಿತು, ನಮ್ಮಿಂದ ಎರಡು ಮಾರು ದೂರದಲ್ಲಿ. ಕೊಕ್ಕು ತೆರೆಯಿತು. ಎದೆಯ ಕಿತ್ತಳೆ ಪುಕ್ಕಗಳು ನಡುಗಿದವು. ಬಾಲ ಕೂಡ ನಡುಗಿತು. ಇಡೀ ಹಕ್ಕಿಯೇ ಒಂದು ಕೆಲಸದಲ್ಲಿ ತೊಡಗಿತ್ತು. ನನಗೆ ನೋರಾಳ ವಾರ್ತೆ ಕೇಳುತ್ತಿತ್ತು, ಲಾರಿ ಕೇಳುತ್ತಿತ್ತು, ನನ್ನದೇ ಉಸಿರು ಕೇಳುತ್ತಿತ್ತು. ಪಂಕಜಳ ಮುಖ ನೋಡಿದೆ. ಅದನ್ನು ಕೊಂಚ ಮೇಲಕ್ಕೆತ್ತಿದ್ದಳು, ಸಂಜೆಯ ಹೊತ್ತಿನಲ್ಲಿ ಮಗಳು ಮನೆಗೆ ಬಂದಾಗ ಎತ್ತುವಂತೆ.

ನನ್ನ ಕಡೆ ತಿರುಗಿ, ಬಹಳ ಮೆಲ್ಲಗೆ ಕೇಳಿದಳು: ‘ಇದಕ್ಕೂ ಹಾಕೋದು ಮರೆತಿದ್ದಾರಾ?’

ರೇಡಿಯೊದೊಳಗಿನ ಕೂದಲೆಳೆಯಂಥ ಗೊರಗೊರವನ್ನು ಕಿವಿಯಿಂದಲೇ ಹಿಡಿದು ಸರಿಮಾಡುತ್ತಿದ್ದವನು ನಾನು. ಈ ಹಕ್ಕಿಯ ದನಿ ನನ್ನನ್ನು ಯಾವಾಗ ಬಿಟ್ಟುಹೋಯಿತೋ ಗೊತ್ತಿಲ್ಲ. ಮೆಟ್ಟಿಲ ಸದ್ದೂ ಮಾಡದೆ ಹೋದ ಅತಿಥಿಯ ಹಾಗೆ ಹೋಗಿತ್ತು.

‘ಹಾಡ್ತಿದೆಯಾ?’ ಎಂದೆ.

‘ಆಗಿನಿಂದ.’

ನಿನ್ನೆ ಸಂಜೆ ಮಗಳ ಮುಂದೆ ಅವಳು ಏಕೆ ನನ್ನನ್ನು ಗೆಲ್ಲಲು ಬಿಟ್ಟಳೆಂದು ಈಗ ತಿಳಿಯಿತು. ಅವಳು ತನ್ನ ಕಿವಿಯ ಹಿಂದಿನ ಯಂತ್ರವನ್ನು ಒಮ್ಮೆ ಒತ್ತಿ ಸರಿಪಡಿಸಿಕೊಂಡಳು.

‘ಇವತ್ತು ಹೋದಾಗ ಇದನ್ನ ವಾಪಸ್ ಕೊಡಲ್ಲ’ ಎಂದಳು. ‘ಇಬ್ಬರಲ್ಲಿ ಒಬ್ಬರಿಗಾದ್ರೂ ಕೇಳಿಸ್ಬೇಕಲ್ಲ. ನಿಮ್ಮನ್ನೂ ಕೂರಿಸಿ ಬರ್ತೀನಿ ಆ ಪರೀಕ್ಷೆ ಕೋಣೇಲಿ. ಅಲ್ಲಿ ವಾದ ಮಾಡಬೇಡಿ.’

ನಾನು ತಲೆಯಾಡಿಸಿದೆ.

‘ಹೇಗಿದೆ?’ ಎಂದು ಕೇಳಿದೆ. ‘ಹಾಡು.’

ಪಂಕಜ ಯೋಚಿಸಿದಳು. ‘ಒಗ್ಗರಣೆ ಸಾಸಿವೆ ಸಿಡಿದ ಹಾಗೆ. ಆದ್ರೆ ಎಣ್ಣೇಲಲ್ಲ, ನೀರೊಳಗೆ. ಈಗ ಕೆಳಗಿಳೀತು, ಗಾಜಿನ ಬಳೆ ಜಾರಿದ ಹಾಗೆ. ಈಗ ಒಂದು ದಾರ ಎಳೆದ ಹಾಗೆ, ತೆಳ್ಳಗೆ. ಇನ್ನೂ ಎಳೀತಾ ಇದೆ.’

‘ಈಗ?’

‘ನಿಲ್ಲಿಸ್ತು.’

ನನ್ನ ಕೈ ಅವಳ ಕೈಯ ಪಕ್ಕದಲ್ಲಿ ಬೆಂಚಿನ ಮೇಲಿತ್ತು. ಕೆಲವು ಕ್ಷಣಗಳಾದ ಮೇಲೆ ಅವಳು ನನ್ನ ಮಣಿಕಟ್ಟನ್ನು ಬೆರಳಿನಿಂದ ಒತ್ತಿದಳು. ‘ಮತ್ತೆ ಶುರುವಾಯ್ತು’ ಎಂದಳು. ಹಕ್ಕಿಯ ಕೊಕ್ಕು ತೆರೆದಿದೆಯೇ ಎಂದು ನೋಡಲು ನಾನು ತಲೆ ತಿರುಗಿಸಲಿಲ್ಲ.